ತಾಂಬೂಲದ ಚೀಲದಲ್ಲಿ ಕಾಯಿ ಇರಲಿಲ್ಲ

ಪ್ರತಿ ವರ್ಷ ಜುಲೈ 1 ಹತ್ತಿರ ಬಂದರೆ ಯಾವುದಾದರೂ ಕಾಲೇಜಿನಿಂದ ಫೋನ್ ಬರುತ್ತದೆ. 1843ರಲ್ಲಿ ಅದೇ ದಿನ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಹೊರತಂದರು. ಕನ್ನಡದ ಮೊದಲ ಪತ್ರಿಕೆ ಅದು. ಹಾಗಾಗಿ ಆ ದಿನ ನಮಗೆ ಪತ್ರಿಕಾ ದಿನ. ಭಾಷಣ ಮುಗಿಯುತ್ತಿದ್ದಂತೆ ಪತ್ರಿಕೋದ್ಯಮ ಓದುವ ಮಕ್ಕಳಲ್ಲಿ ಒಬ್ಬರಾದರೂ ಎದ್ದು ನಿಂತು ಕೇಳುತ್ತಾರೆ: ‘ಮೇಡಂ, ಸ್ಟೋರಿಗೆ ಐಡಿಯಾ ಎಲ್ಲಿಂದ ಸಿಗುತ್ತೆ?’

ಒಳ್ಳೆಯ ಪ್ರಶ್ನೆ. ಆದರೆ ವೇದಿಕೆ ಮೇಲೆ ನಿಂತು ಎರಡು ನಿಮಿಷದಲ್ಲಿ ಉತ್ತರ ಹೇಳುವುದು ಕಷ್ಟ. ತುಮಕೂರು ಜಿಲ್ಲೆಯಲ್ಲಿ ವರದಿಗಾರ್ತಿಯಾಗಿ ಓಡಾಡುತ್ತಾ ನಾನು ಕಂಡುಕೊಂಡದ್ದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅದರಲ್ಲೂ ಒಂದು ವರದಿ ಹೇಗೆ ಹುಟ್ಟಿತು, ಹೇಗೆ ಬೆಳೆಯಿತು ಅನ್ನುವುದನ್ನು ಪೂರ್ತಿ ಹೇಳಬೇಕು ಅನ್ನಿಸಿದೆ.

ಜಿಲ್ಲಾ ವರದಿಗಾರರ ದಿನ ಹೇಗೆ ಶುರುವಾಗುತ್ತದೆ ಅಂತ ಹೊರಗಿನವರಿಗೆ ಗೊತ್ತಿರುವುದಿಲ್ಲ. ಕಣ್ಣು ಬಿಡುವ ಹೊತ್ತಿಗೆ ವಾಟ್ಸ್ಆ್ಯಪ್ ಗ್ರೂಪುಗಳು ತುಂಬಿರುತ್ತವೆ. ವಾರ್ತಾ ಇಲಾಖೆಯ ಪ್ರಕಟಣೆ, ಪೊಲೀಸ್ ಇಲಾಖೆಯ ಮಾಹಿತಿ, ಪಕ್ಷಗಳ ಪ್ರೆಸ್ ನೋಟ್, ಸಂಘಟನೆಗಳ ಪ್ರತಿಭಟನೆಯ ಕರೆ. ಇದನ್ನೆಲ್ಲ ನೋಡಲೇಬೇಕು, ಬರೆಯಲೇಬೇಕು. ಆದರೆ ಇದು ಎಲ್ಲ ಪತ್ರಿಕೆಗೂ ಒಂದೇ ಸಲ ಬರುತ್ತದೆ. ಸುದ್ದಿ ಯಾವುದು ಅಂತ ಅದನ್ನು ಕಳಿಸುವವರೇ ತೀರ್ಮಾನ ಮಾಡಿರುತ್ತಾರೆ. ಅವರು ಹೇಳದೆ ಬಿಟ್ಟದ್ದು ಆ ಗ್ರೂಪಿನಲ್ಲಿ ಯಾವತ್ತೂ ಸಿಗುವುದಿಲ್ಲ. ಬೆಳಗಿನ ಮೀಟಿಂಗಿನಲ್ಲಿ ಬ್ಯೂರೊ ಮುಖ್ಯಸ್ಥರು ಕೇಳುವುದು ಬೇರೆ ಪ್ರಶ್ನೆ: ‘ಅದೆಲ್ಲಾ ಸರಿ. ನಿಂದೇನಿದೆ?’

‘ನನ್ನದು’ ಅಂತ ಹೇಳಲು ಏನಾದರೂ ಇರಬೇಕಾದರೆ ಊರಿನಲ್ಲಿ ಓಡಾಡಬೇಕು. ಸುಮ್ನೆ ಓಡಾಡಿದರೂ ಸಾಲದು, ಅದೇ ಜಾಗಗಳಿಗೆ ಮತ್ತೆ ಮತ್ತೆ ಹೋಗಬೇಕು. ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರು ಶುರುವಿನಲ್ಲೇ ಇದನ್ನು ಹೇಳಿಕೊಟ್ಟಿದ್ದರು. ಹೊಸ ಊರಿಗೆ ಹೋದವರಿಗೆ ಎಲ್ಲವೂ ವಿಶೇಷವಾಗಿಯೇ ಕಾಣುತ್ತದೆ, ಅದರಿಂದ ಸ್ಟೋರಿ ಹುಟ್ಟುವುದಿಲ್ಲ. ನಿನ್ನೆ ಹೇಗಿತ್ತು ಅಂತ ಗೊತ್ತಿದ್ದವರಿಗೆ ಮಾತ್ರ ಇವತ್ತು ಬದಲಾದದ್ದು ಕಾಣುತ್ತದೆ. ಹಾಗಾಗಿ ನನಗೆ ಒಂದಷ್ಟು ಕಾಯಂ ಜಾಗಗಳಿವೆ. ಬಸ್ ನಿಲ್ದಾಣ, ತರಕಾರಿ ಮಾರ್ಕೆಟ್, ತಾಲೂಕು ಕಚೇರಿ ಎದುರಿನ ಅರ್ಜಿ ಬರೆಯುವವರ ಸಾಲು, ಜೆರಾಕ್ಸ್ ಅಂಗಡಿ, ನ್ಯಾಯಬೆಲೆ ಅಂಗಡಿಯ ಕ್ಯೂ. ಅಲ್ಲೆಲ್ಲ ನಾನು ಪ್ರಶ್ನೆ ಕೇಳುವುದಕ್ಕಿಂತ ನಿಂತುಕೊಳ್ಳುವುದೇ ಜಾಸ್ತಿ.

ಜೆರಾಕ್ಸ್ ಅಂಗಡಿ ಬಗ್ಗೆ ಒಂದು ಮಾತು. ಸರ್ಕಾರದ ಯಾವ ಯೋಜನೆಗೆ ಜನ ಅರ್ಜಿ ಹಾಕುತ್ತಿದ್ದಾರೆ, ಯಾವ ದಾಖಲೆಗೆ ಅಲೆಯುತ್ತಿದ್ದಾರೆ ಅಂತ ಅಧಿಕಾರಿಗಳಿಗಿಂತ ಮೊದಲು ಆ ಅಂಗಡಿಯ ಹುಡುಗನಿಗೆ ಗೊತ್ತಾಗುತ್ತದೆ. ‘ಅಕ್ಕಾ, ಈ ವಾರ ಎಲ್ಲರೂ ಪಹಣಿ, ಬ್ಯಾಂಕ್ ಪಾಸ್‌ಬುಕ್ ಎರಡನ್ನೂ ತರ್ತಿದ್ದಾರೆ’ ಅಂದರೆ ಏನೋ ಶುರುವಾಗಿದೆ ಅಂತಲೇ ಅರ್ಥ.

ಬಸ್ಸಿನಿಂದ ಸಿಕ್ಕ ಒಂದು ಸ್ಟೋರಿ ಹೇಳುತ್ತೇನೆ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಶುರುವಾಯಿತು. ರಾಜ್ಯದ ಒಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ದುಡ್ಡಿಲ್ಲ. ಮೊದಲ ವಾರಗಳಲ್ಲಿ ಎಲ್ಲರೂ ಬರೆದದ್ದು ರಶ್ ಬಗ್ಗೆ, ದೇವಸ್ಥಾನಗಳ ಜನಜಂಗುಳಿ ಬಗ್ಗೆ. ನಾನೂ ಬರೆದೆ. ಆ ಗದ್ದಲ ಕಡಿಮೆಯಾದ ಮೇಲೆಯೂ ನಾನು ಅದೇ ಬೆಳಗಿನ ಬಸ್ಸಿನಲ್ಲಿ ಶೂನ್ಯ ಟಿಕೆಟ್ ಹಿಡಿದು ಹೋಗುತ್ತಿದ್ದೆ. ಒಂದು ದಿನ ಡ್ರೈವರ್ ಪಕ್ಕದ ಜಾಗದಲ್ಲಿ ಸೊಪ್ಪಿನ ಗಂಟು, ಹೂವಿನ ಬುಟ್ಟಿ ಸಾಲಾಗಿ ಇರುವುದು ಕಂಡಿತು. ಮೊದಲು ಹಾಗಿರಲಿಲ್ಲ. ಬುಟ್ಟಿಯವರನ್ನು ಮಾತಾಡಿಸಿದೆ. ಹಿಂದೆ ಊರಿಗೇ ಬರುತ್ತಿದ್ದ ವ್ಯಾಪಾರಿಗೆ, ಅವನು ಹೇಳಿದ ರೇಟಿಗೆ ಕೊಡುತ್ತಿದ್ದರಂತೆ. ಪಟ್ಟಣಕ್ಕೆ ಹೋಗಿ ಬರುವ ಬಸ್ ಚಾರ್ಜಿನಲ್ಲೇ ಲಾಭ ಕರಗುತ್ತಿತ್ತು. ಈಗ ತಾವೇ ತಂದು, ಮಾರ್ಕೆಟ್ ಬಾಗಿಲಲ್ಲಿ ಕೂತು ಮಾರಿ, ಮಧ್ಯಾಹ್ನದ ಹೊತ್ತಿಗೆ ಊರು ಸೇರುತ್ತಾರೆ. ಯೋಜನೆ ಸರಿಯೋ ತಪ್ಪೋ ಅಂತ ಟಿವಿಯಲ್ಲಿ ಚರ್ಚೆ ನಡೆಯುತ್ತಲೇ ಇತ್ತು. ಈ ಹೆಂಗಸರ ಸೊಪ್ಪಿನ ರೇಟು ಬದಲಾದದ್ದನ್ನು ಅಲ್ಲಿ ಯಾರೂ ಹೇಳಲಿಲ್ಲ. ಅದೇ ಬಸ್ಸಿನಲ್ಲಿ ದಿನಾ ಹೋಗದಿದ್ದರೆ ನನಗೂ ಕಾಣುತ್ತಿರಲಿಲ್ಲ.

ಇನ್ನು ತಾಂಬೂಲದ ವಿಷಯ.

2025ರಲ್ಲಿ, ಮದುವೆ ಸೀಸನ್ ಜೋರಾಗಿದ್ದಾಗ, ತಿಪಟೂರು ಕಡೆ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಹೊರಡುವಾಗ ಎಂದಿನಂತೆ ಕೈಗೆ ತಾಂಬೂಲದ ಚೀಲ ಬಂತು. ಚೀಲ ಹಗುರವಾಗಿತ್ತು. ಒಳಗೆ ವೀಳ್ಯದೆಲೆ, ಅಡಿಕೆ, ಒಂದು ಸಿಹಿ ಪೊಟ್ಟಣ, ಸ್ಟೀಲಿನ ಪುಟ್ಟ ಡಬ್ಬಿ. ತೆಂಗಿನಕಾಯಿ ಇಲ್ಲ. ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದ ಇಬ್ಬರು ಹೆಂಗಸರೂ ಚೀಲದೊಳಗೆ ಕೈಯಾಡಿಸಿ ನೋಡುತ್ತಿದ್ದರು. ‘ಈಗ ಎಲ್ಲಾ ಕಡೆ ಹೀಗೇ ಅಲ್ವಾ’ ಅಂತ ಒಬ್ಬರು ಅಂದರು.

ಬೆಂಗಳೂರಿನ ಮದುವೆಯಲ್ಲಿ ಹೀಗಾಗಿದ್ದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಅಲ್ಲಿ ಗಿಡ ಕೊಡುತ್ತಾರೆ, ಪುಸ್ತಕ ಕೊಡುತ್ತಾರೆ. ಆದರೆ ಇದು ತಿಪಟೂರು. ಕಣ್ಣು ಹಾಯಿಸಿದಷ್ಟೂ ತೆಂಗಿನ ತೋಟ. ದೇಶಕ್ಕೆಲ್ಲ ಉಂಡೆ ಕೊಬ್ಬರಿ ಕಳಿಸುವ ಮಾರುಕಟ್ಟೆ ಇರುವ ಊರು. ಇಲ್ಲಿ ಮನೆಗೆ ಬಂದವರನ್ನು ಕಾಯಿ ಕೊಡದೆ ಕಳಿಸುವ ಪದ್ಧತಿಯೇ ಇಲ್ಲ. ‘ಈಗ ಎಲ್ಲಾ ಕಡೆ’ ಅನ್ನುವ ಮಾತು ಮನಸ್ಸಿನಲ್ಲಿ ಉಳಿಯಿತು. ಬಸ್ ಹತ್ತಿದ ಕೂಡಲೇ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ: ತಾಂಬೂಲ. ಕಾಯಿ ಇಲ್ಲ. ಎಷ್ಟು ಮದುವೆಗಳಲ್ಲಿ? ಯಾವಾಗಿನಿಂದ?

ನಾನು ಯಾವ ಐಡಿಯಾವನ್ನೂ ಕೂಡಲೇ ಬ್ಯೂರೊಗೆ ಹೇಳುವುದಿಲ್ಲ. ಒಂದು ಮದುವೆ ಒಂದು ಮನೆಯ ವಿಷಯ. ಅವರಿಗೆ ಅವರದೇ ಕಾರಣ ಇರಬಹುದು. ಅದನ್ನು ಬರೆಯುವ ಹಕ್ಕು ನನಗಿಲ್ಲ. ಅದು ಊರಿನ ವಿಷಯ ಹೌದೋ ಅಲ್ಲವೋ ಅಂತ ಮೊದಲು ನೋಡಬೇಕು. ಅದಕ್ಕೆ ಅದೇ ವಸ್ತುವನ್ನು ಮಾರುವವರನ್ನು ಹುಡುಕಿಕೊಂಡು ಹೋಗುತ್ತೇನೆ. ಮನೆಯವರಿಗೆ ತಮ್ಮ ಮದುವೆ ಮಾತ್ರ ಗೊತ್ತು. ಅಂಗಡಿಯವರಿಗೆ ನೂರು ಮದುವೆ ಗೊತ್ತು.

ತಾಂಬೂಲದ ಚೀಲ ಮಾರುವ ಅಂಗಡಿಗೆ ಹೋದೆ. ಚಿಕ್ಕ ಸೈಜಿನ ಚೀಲವೇ ಈಗ ಜಾಸ್ತಿ ಹೋಗುತ್ತಿದೆ ಅಂದರು. ಕಾಯಿ ಹಿಡಿಯುವ ಚೀಲ ಕೇಳುವವರು ಕಡಿಮೆಯಂತೆ. ಮದುವೆ ಅಡುಗೆಯ ಗುತ್ತಿಗೆ ಹಿಡಿಯುವವರೊಬ್ಬರನ್ನು ಕೇಳಿದೆ. ಚಟ್ನಿಗೆ ಹುರಿಗಡಲೆ ಜಾಸ್ತಿ ಹಾಕುತ್ತಿದ್ದೇವೆ, ಪಲ್ಯಕ್ಕೆ ಕಾಯಿತುರಿ ಉದುರಿಸುವುದನ್ನು ಕಡಿಮೆ ಮಾಡಿದ್ದೇವೆ ಅಂತ ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ದೇವಸ್ಥಾನದ ಮುಂದೆ ಹಣ್ಣುಕಾಯಿ ಮಾರುವ ಅಮ್ಮನ ಬುಟ್ಟಿಯಲ್ಲಿ ಬಾಳೆಹಣ್ಣು, ಊದುಬತ್ತಿ ಹೆಚ್ಚಿದ್ದವು, ಕಾಯಿ ಕೆಲವೇ. ಒಂದು ದಪ್ಪ ಕಾಯಿಗೆ 60, 70 ರೂಪಾಯಿ ಹೇಳಿದರೆ ಜನ ಹೂವು ಮಾತ್ರ ತಗೊಂಡು ಹೋಗುತ್ತಾರೆ ಅಂದರು. ಹೋಟೆಲಿನವರದೂ ಅದೇ ಮಾತು. ಇಷ್ಟು ಕಡೆಯಿಂದ ಒಂದೇ ಉತ್ತರ ಬಂದಾಗ ವಿಷಯ ಗಟ್ಟಿ ಇದೆ ಅಂತ ಧೈರ್ಯ ಬಂತು.

ಬ್ಯೂರೊ ಮುಖ್ಯಸ್ಥರಿಗೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. ‘ಕಾಯಿ ರೇಟ್ ಏರಿದೆ ಅಂತ ಎಲ್ಲರಿಗೂ ಗೊತ್ತು. ಕೊಬ್ಬರಿ ದಾಖಲೆ ಬೆಲೆ ಅಂತ ನಾವೇ ಮುಖಪುಟಕ್ಕೆ ಹಾಕಿದ್ದೀವಿ. ಇದರಲ್ಲಿ ಹೊಸದೇನು?’

ಈ ಪ್ರಶ್ನೆ ಕೇಳುವ ಮುಖ್ಯಸ್ಥರು ಸಿಗುವುದು ವರದಿಗಾರರ ಪುಣ್ಯ ಅಂತ ನಾನು ನಂಬಿದ್ದೇನೆ. ಕಣ್ಣಿಗೆ ಬಿದ್ದದ್ದು ಇನ್ನೂ ಸ್ಟೋರಿಯಾಗಿರುವುದಿಲ್ಲ. ಅದರ ಬಾಲ ಹಿಡಿದು ಹಿಂದೆ ಹೋಗಬೇಕು. ತಾಂಬೂಲದ ಚೀಲದಿಂದ ಅಂಗಡಿಗೆ ಬಂದಿದ್ದೆ. ಅಂಗಡಿಯಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ತೋಟಕ್ಕೆ ಹೋಗುವುದು ಬಾಕಿ ಇತ್ತು.

ತಿಪಟೂರು ಎಪಿಎಂಸಿಗೆ ಹರಾಜಿನ ದಿನ ಹೋದೆ. ಕ್ವಿಂಟಲ್ ಕೊಬ್ಬರಿ 25,000 ರೂಪಾಯಿ ದಾಟಿದ್ದ ಕಾಲ ಅದು. ಆ ಅಂಕಿಯ ತೂಕ ಗೊತ್ತಾಗಬೇಕಾದರೆ ಹಿಂದಿನ ಕಥೆ ಗೊತ್ತಿರಬೇಕು. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇತ್ತು. ಮಾರುಕಟ್ಟೆಯಲ್ಲಿ ಸಿಗುತ್ತಿದ್ದದ್ದು ಅದಕ್ಕಿಂತ ಎಷ್ಟೋ ಕಡಿಮೆ. ರೈತರು ಬೀದಿಗಿಳಿದಿದ್ದರು. ಬೆಂಬಲ ಬೆಲೆಗೆ ಕೊಬ್ಬರಿ ಕೊಳ್ಳುವ ನಾಫೆಡ್ ಸಂಸ್ಥೆಯ ಖರೀದಿಗಾಗಿ ನೋಂದಣಿ ಕ್ಯೂನಲ್ಲಿ ರಾತ್ರಿಯೆಲ್ಲ ಕಾದವರನ್ನು ನಾನೇ ಮಾತಾಡಿಸಿದ್ದೆ. ಆ ಬೆಂಬಲ ಬೆಲೆ 2024ಕ್ಕೆ 12,000 ಆಯಿತು, 2025ಕ್ಕೆ 12,100 ಆಯಿತು. ಅಂದರೆ ಈಗ ಮಾರುಕಟ್ಟೆ ಬೆಲೆ ಬೆಂಬಲ ಬೆಲೆಯ ಎರಡು ಪಟ್ಟಿಗಿಂತ ಮೇಲಿತ್ತು.

ಅಂಥ ಬೆಲೆ ಇರುವಾಗ ಯಾರ್ಡ್ ಗಿಜಿಗುಡಬೇಕಿತ್ತು. ಹಾಗಿರಲಿಲ್ಲ. ಅಂಗಡಿಗಳ ಮುಂದೆ ಚೀಲಗಳ ಸಾಲು ತೆಳ್ಳಗಿತ್ತು. ಹಮಾಲಿ ಕೆಲಸ ಮಾಡುವವರು ನೆರಳಲ್ಲಿ ಕೂತಿದ್ದರು. ಅವರಲ್ಲಿ ಒಬ್ಬರು ಹೇಳಿದ ಮಾತು ನನ್ನ ಇಡೀ ವರದಿಯ ದಿಕ್ಕು ಬದಲಿಸಿತು. ‘ರೇಟ್ ಐತೆ, ಮಾಲಿಲ್ಲ ಕಣಮ್ಮ. ರೇಟ್ ನೋಡ್ಕಂಡು ನಮ್ ಹೊಟ್ಟೆ ತುಂಬ್ತದಾ? ನಮ್ಗೆ ಚೀಲ ಎತ್ತಿದ್ರೇ ಕೂಲಿ.’

ಬೆಲೆ ಎಷ್ಟು ಅಂತ ಎಲ್ಲರೂ ಬರೆದಿದ್ದರು. ಕಾಯಿ ಎಲ್ಲಿ ಹೋಯಿತು ಅಂತ ಯಾರೂ ಕೇಳಿರಲಿಲ್ಲ. ನಾನು ಬರೆಯಬೇಕಾದ್ದು ಅದನ್ನೇ ಅಂತ ಅಲ್ಲಿ ಗೊತ್ತಾಯಿತು.

ಉತ್ತರ ಸಿಕ್ಕಿದ್ದು ಒಬ್ಬ ರೈತರ ಮನೆಯ ಅಟ್ಟದಲ್ಲಿ. ಕೊಬ್ಬರಿ ಹೇಗಾಗುತ್ತದೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಕರಾವಳಿ ಕಡೆ ಕಾಯಿ ಒಡೆದು, ಬಿಸಿಲಿಗೆ ಒಣಗಿಸಿ ಕೊಬ್ಬರಿ ಮಾಡುತ್ತಾರೆ. ಅದು ಎಣ್ಣೆಗೆ ಹೋಗುತ್ತದೆ. ನಮ್ಮ ಕಡೆ ಹಾಗಲ್ಲ. ಬಲಿತ ಕಾಯಿಯನ್ನು ಒಡೆಯದೆ, ಮಟ್ಟೆ ಸಮೇತ ಅಟ್ಟದ ಮೇಲೆ ರಾಶಿ ಹಾಕುತ್ತಾರೆ. ಒಳಗಿನ ನೀರು ತಾನಾಗಿಯೇ ಆರಬೇಕು. ಅದಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಟಗಟ ಅನ್ನಬೇಕು. ಆಗ ಸುಲಿದು, ಚಿಪ್ಪು ಒಡೆದು ತೆಗೆದರೆ ಗುಂಡಗಿನ ಉಂಡೆ ಸಿಗುತ್ತದೆ. ಇದು ಉತ್ತರ ಭಾರತಕ್ಕೆ ಹೋಗುತ್ತದೆ. ಅಲ್ಲಿ ಹಬ್ಬಕ್ಕೆ, ಪೂಜೆಗೆ, ಸಿಹಿ ತಿಂಡಿಗೆ ಬಳಸುತ್ತಾರೆ.

ಅಂದರೆ 2025ರಲ್ಲಿ ಮಾರುಕಟ್ಟೆಗೆ ಬರಬೇಕಾದ ಕೊಬ್ಬರಿ 2024ರಲ್ಲಿ ಮರದಿಂದ ಇಳಿದ ಕಾಯಿ. ಆ ಕಾಯಿ ಹೊಂಬಾಳೆಯಿಂದ ಬಲಿಯುವುದಕ್ಕೆ ಮತ್ತೆ ಸುಮಾರು ಹನ್ನೆರಡು ತಿಂಗಳು. ಹೊಂಬಾಳೆ ಹೊರಗೆ ಕಾಣಿಸಿಕೊಳ್ಳುವುದಕ್ಕೆ ಎರಡು ವರ್ಷಕ್ಕೂ ಮೊದಲೇ ಅದು ಮರದ ಸುಳಿಯೊಳಗೆ ಮೊಳೆತಿರುತ್ತದೆ. ಒಂದು ಬರ ಬಿದ್ದರೆ ತೆಂಗಿನಲ್ಲಿ ಅದು ಆ ವರ್ಷವೇ ಪೂರ್ತಿ ಕಾಣುವುದಿಲ್ಲ. ಹರಳು, ಅಂದರೆ ಎಳೆಯ ಪುಟ್ಟ ಕಾಯಿ, ಉದುರುತ್ತದೆ, ಗೊನೆ ಚಿಕ್ಕದಾಗುತ್ತದೆ, ಮುಂದಿನ ವರ್ಷಗಳಲ್ಲಿ ಇಳುವರಿ ಬೀಳುತ್ತದೆ.

2023ರಲ್ಲಿ ರಾಜ್ಯದಲ್ಲಿ 223 ತಾಲೂಕುಗಳನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತ್ತು. ಆ ಬರ ಎಲ್ಲರಿಗೂ ಮರೆತುಹೋಗಿತ್ತು. 2024ರಲ್ಲಿ ಮಳೆ ಬಂತು, ಕೆರೆ ತುಂಬಿತು, ಬಾಗಿನ ಬಿಟ್ಟ ಫೋಟೊ ಬಂತು. ಮರ ಮಾತ್ರ ಮರೆತಿರಲಿಲ್ಲ. ಆ ರೈತರು ಅಟ್ಟದ ಏಣಿ ಹಾಕಿ ಮೇಲೆ ಕರೆದುಕೊಂಡು ಹೋದರು. ಮೂಲೆಯಲ್ಲಿ ಒಂದಷ್ಟು ಕಾಯಿ. ಉಳಿದದ್ದು ಬರೀ ನೆಲ. ‘ಈ ಅಟ್ಟ ತುಂಬಿದ್ದಾಗ ರೇಟ್ ಇರಲಿಲ್ಲ’ ಅಂದರು. ಸಾಲದ ಕಂತು ಕಟ್ಟಲು ಹಳೆಯ ಕೊಬ್ಬರಿಯನ್ನೆಲ್ಲ ಕಡಿಮೆ ಬೆಲೆಗೆ ಮಾರಿದ್ದರು. ಬೆಲೆ ಏರಿದಾಗ ಮಾರಲು ಇರಲಿಲ್ಲ.

ಬರ ಒಂದೇ ಕಾರಣ ಅಂತ ಬರೆದರೆ ಅದು ಅರ್ಧ ಸತ್ಯವಾಗುತ್ತಿತ್ತು. ತೋಟ ಸುತ್ತಿದಾಗ ಬೇರೆಯವೂ ಕಂಡವು. ಗರಿಗಳ ಮೇಲೆ ಮಸಿ ಬಳಿದಂತೆ ಕಪ್ಪು ಬೂಷ್ಟು. ಅದು ಬಿಳಿ ನೊಣದ ಕಾಟ. ಗರಿಯ ಕೆಳಗೆ ಕೂತು ರಸ ಹೀರುವ ಈ ಸುರುಳಿ ಬಿಳಿ ನೊಣ ದಕ್ಷಿಣ ಭಾರತದಲ್ಲಿ ಮೊದಲು ಕಂಡದ್ದು 2016ರಲ್ಲಿ. ಕಾಂಡದಿಂದ ರಸ ಸೋರುವ ರೋಗ, ಕಪ್ಪುತಲೆ ಹುಳು, ನುಸಿ ಎಲ್ಲವೂ ಇದ್ದವು. ಇನ್ನೊಂದು ಕಾರಣ ರಸ್ತೆಯಲ್ಲೇ ಕಾಣುತ್ತಿತ್ತು. ಎಳನೀರು ತುಂಬಿಕೊಂಡ ಲಾರಿಗಳು. ಎಳನೀರಿಗೆ ಒಳ್ಳೆಯ ಬೆಲೆ ಸಿಕ್ಕಾಗ, ಕಾಯಿ ಬಲಿಯುವವರೆಗೆ ಕಾದು, ಮೇಲೆ ಒಂದು ವರ್ಷ ಅಟ್ಟದಲ್ಲಿಟ್ಟು ಕಾಯುವವರು ಯಾರು? ಕೈಗೆ ದುಡ್ಡು ಬೇಕಾದವರು ಎಳನೀರನ್ನೇ ಇಳಿಸುತ್ತಾರೆ. ಹಾಗೆ ಇಳಿದ ಪ್ರತಿಯೊಂದು ಎಳನೀರೂ ಮುಂದೆ ಕಾಯಿಯಾಗಬೇಕಿತ್ತು, ಕೊಬ್ಬರಿಯಾಗಬೇಕಿತ್ತು.

ಮಾತು ಕೇಳಿದ್ದಾಯಿತು. ಇನ್ನು ಕಾಗದ ನೋಡಬೇಕು. ಈ ಕೆಲಸ ನನಗೆ ತೋಟ ಸುತ್ತಿದಷ್ಟೇ ಇಷ್ಟ. ಎಪಿಎಂಸಿಯ ಆವಕದ, ಅಂದರೆ ಮಾರುಕಟ್ಟೆಗೆ ಬಂದ ಮಾಲಿನ, ಲೆಕ್ಕ ತೆಗೆಸಿದೆ. ಹಿಂದಿನ ವರ್ಷಗಳ ಅದೇ ತಿಂಗಳ ಜೊತೆ ಇಟ್ಟು ನೋಡಿದೆ. ಹಮಾಲಿ ಹೇಳಿದ ಮಾತು ಲೆಕ್ಕದಲ್ಲೂ ಕಾಣಬೇಕು, ಇಲ್ಲವಾದರೆ ಅದು ಒಬ್ಬರ ಅನುಭವವಾಗಿ ಮಾತ್ರ ಉಳಿಯುತ್ತದೆ. ಲೆಕ್ಕದಲ್ಲೂ ಕಂಡಿತು. ತೆಂಗಿನ ಬಗ್ಗೆ ಕೆಲಸ ಮಾಡುವ ವಿಜ್ಞಾನಿಯೊಬ್ಬರಿಗೆ ಫೋನ್ ಮಾಡಿ ಬರಕ್ಕೂ ಇಳುವರಿಗೂ ಇರುವ ಅಂತರದ ಬಗ್ಗೆ ಕೇಳಿದೆ. ರೈತರು ಹೇಳಿದ್ದನ್ನೇ ಅವರು ತಮ್ಮ ಭಾಷೆಯಲ್ಲಿ ವಿವರಿಸಿದರು. ಆಗಷ್ಟೇ ಬರೆಯಲು ಕೂತೆ.

ವರದಿ ಶುರುವಾದದ್ದು ಕಾಯಿ ಇಲ್ಲದ ತಾಂಬೂಲದ ಚೀಲದಿಂದ. ಮುಗಿದದ್ದು ಖಾಲಿ ಅಟ್ಟದಲ್ಲಿ. ಯಾರ ಮದುವೆ ಅಂತ ಬರೆಯಲಿಲ್ಲ, ಯಾವ ಊರಿನ ಛತ್ರ ಅಂತಲೂ ಬರೆಯಲಿಲ್ಲ. ನೆಂಟರಾಗಿ ಕರೆದವರ ಮನೆಯಲ್ಲಿ ಕಂಡದ್ದನ್ನು ಅವರ ಹೆಸರಲ್ಲಿ ಬರೆಯುವುದು ಸರಿಯಲ್ಲ. ಈ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಬಸ್ಸಿನಲ್ಲಿ, ಮದುವೆಯಲ್ಲಿ, ಆಸ್ಪತ್ರೆಯ ಕಾರಿಡಾರಿನಲ್ಲಿ ಕಿವಿಗೆ ಬಿದ್ದ ಮಾತು ನನಗೆ ದಾರಿ ತೋರಿಸಬಹುದು. ಆದರೆ ಅದನ್ನೇ ತಗೊಂಡು ಅಚ್ಚು ಹಾಕುವಂತಿಲ್ಲ. ನಾನು ಯಾರು ಅಂತ ಹೇಳಿ, ಬರೆಯಬಹುದಾ ಅಂತ ಕೇಳಿ, ಮತ್ತೆ ಮಾತಾಡಬೇಕು. ಬೇಡ ಅಂದರೆ ಬಿಡಬೇಕು. ಅವರು ನಾಳೆಯೂ ಅದೇ ಊರಿನಲ್ಲಿ ಬದುಕಬೇಕಾದವರು, ನಾನೂ ಅದೇ ಬಸ್ ಹತ್ತಬೇಕಾದವಳು.

ಎಲ್ಲ ಐಡಿಯಾಗಳೂ ಜನರ ಮಾತಿನಿಂದಲೇ ಬರುವುದಿಲ್ಲ. ಕೆಲವು ಕ್ಯಾಲೆಂಡರಿನಿಂದ ಬರುತ್ತವೆ. ಮೇ ತಿಂಗಳ ಕೊನೆಯ ದಿನ ನಮ್ಮ ಊರಿನ ಸರ್ಕಾರಿ ಕಚೇರಿಗಳಲ್ಲಿ, ಶಾಲೆಗಳಲ್ಲಿ ಒಂದಾದ ಮೇಲೊಂದು ಬೀಳ್ಕೊಡುಗೆ. ಹಾರ, ಶಾಲು, ಹಣ್ಣಿನ ಬುಟ್ಟಿ ಮಾರುವವರಿಗೆ ಆ ದಿನ ಬಿಡುವೇ ಇರುವುದಿಲ್ಲ. ಯಾಕೆ ಇಷ್ಟು ಜನ ಒಂದೇ ದಿನ ನಿವೃತ್ತರಾಗುತ್ತಾರೆ? ಕೇಳುತ್ತಾ ಹೋದರೆ ಉತ್ತರ ಹಳೆಯ ಶಾಲಾ ದಾಖಲಾತಿ ಪುಸ್ತಕದಲ್ಲಿದೆ. ಆಗ ಹೆರಿಗೆ ಮನೆಯಲ್ಲೇ ಆಗುತ್ತಿತ್ತು. ಹುಟ್ಟಿದ ದಿನ ಬರೆದಿಟ್ಟವರು ಕಡಿಮೆ. ಮಗುವನ್ನು ಶಾಲೆಗೆ ಸೇರಿಸಲು ಬಂದಾಗ ಮೇಷ್ಟ್ರು ಜೂನ್ 1 ಅಂತ ಬರೆದುಬಿಡುತ್ತಿದ್ದರು. ಶಾಲೆ ಶುರುವಾಗುವ ತಿಂಗಳಿಗೆ ವಯಸ್ಸು ಸರಿ ಹೊಂದಬೇಕಲ್ಲ. ಸರ್ಕಾರಿ ನೌಕರರು 60 ತುಂಬಿದ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ. ಒಂದನೇ ತಾರೀಖು ಹುಟ್ಟಿದವರಿಗೆ ಅದು ಹಿಂದಿನ ತಿಂಗಳ ಕೊನೆಯ ದಿನ. ಹಾಗಾಗಿ ಜೂನ್ 1ರವರೆಲ್ಲ ಮೇ 31ಕ್ಕೆ ಮನೆಗೆ. ಬೇಸಿಗೆ ರಜೆ ಮುಗಿದು ಪಾಠ ಶುರುವಾಗುವ ಹೊತ್ತಿಗೆ ಎಷ್ಟು ಮೇಷ್ಟ್ರುಗಳ ಜಾಗ ಖಾಲಿ ಇರುತ್ತದೆ ಅನ್ನುವುದು ಇಲ್ಲಿಂದ ಹುಟ್ಟುವ ನಿಜವಾದ ಸುದ್ದಿ. ಹಾರದ ಅಂಗಡಿಯ ರಶ್ ಅಲ್ಲಿಗೆ ಹೋಗುವ ದಾರಿ ಮಾತ್ರ.

ಇನ್ನು ಕೆಲವು ನಮ್ಮದೇ ಪತ್ರಿಕೆಯ ಪುಟಗಳಲ್ಲಿ ಇರುತ್ತವೆ. ಟೆಂಡರ್ ಪ್ರಕಟಣೆ, ಕೋರ್ಟ್ ನೋಟಿಸ್, ಬ್ಯಾಂಕಿನವರ ಆಸ್ತಿ ಹರಾಜು. ಓದುಗರು ದಾಟಿ ಹೋಗುವ ಈ ಸಣ್ಣ ಅಕ್ಷರಗಳನ್ನು ವರದಿಗಾರರು ದಾಟಬಾರದು. ಒಂದೇ ಕೆಲಸಕ್ಕೆ ವರ್ಷದಲ್ಲಿ ಎರಡನೇ ಸಲ ಟೆಂಡರ್ ಕರೆದಿದ್ದರೆ, ಮೊದಲನೆಯದಕ್ಕೆ ಏನಾಯಿತು ಅಂತ ಕೇಳಬೇಕು.

ಒಂದು ವಿಷಯ ಮಾತ್ರ ನಾನು ತುಂಬ ದಿನ ಹಿಂಬಾಲಿಸಿದ್ದು. ಹಳ್ಳಿಯ ರಸ್ತೆಯಲ್ಲಿ ಸಂಜೆ ಹೊತ್ತು ಸ್ಕೂಟರಿನ ಮುಂದೆ ಇಪ್ಪತ್ತು ಲೀಟರಿನ ಕ್ಯಾನ್ ಇಟ್ಟುಕೊಂಡು ಹೋಗುವವರನ್ನು ನೀವೂ ನೋಡಿರುತ್ತೀರಿ. ನಮ್ಮ ಜಿಲ್ಲೆಯಲ್ಲಿ ಅದು ಮಾಮೂಲಿ ದೃಶ್ಯ. ಪಾವಗಡದಂಥ ತಾಲೂಕುಗಳಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅದಕ್ಕೇ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು. ನಾಣ್ಯ ಹಾಕಿದರೆ ನೀರು. ಒಂದು ದಿನ ಗಮನಿಸಿದೆ, ಕ್ಯಾನ್ ಇಟ್ಟುಕೊಂಡವರು ತಮ್ಮ ಊರಿನ ಘಟಕ ದಾಟಿ ಮುಂದಿನ ಊರಿಗೆ ಹೋಗುತ್ತಿದ್ದರು. ನಿಲ್ಲಿಸಿ ಕೇಳಿದೆ. ಅವರ ಊರಿನದು ಕೆಟ್ಟು ನಿಂತಿತ್ತು. ಯಾವಾಗಿನಿಂದ ಅಂದರೆ ಒಬ್ಬರು ಯುಗಾದಿಗೆ ಮೊದಲು ಅಂದರು, ಇನ್ನೊಬ್ಬರು ಶಿವರಾತ್ರಿಗೆ ಮೊದಲು ಅಂದರು.

ಒಂದು ಘಟಕ ಕೆಟ್ಟಿದೆ ಅಂತ ಬರೆದರೆ ಮರುದಿನ ಯಾರೋ ಬಂದು ಅದೊಂದನ್ನು ರಿಪೇರಿ ಮಾಡಿ ಹೋಗುತ್ತಾರೆ. ನನಗೆ ಬೇಕಾಗಿದ್ದದ್ದು ಎಲ್ಲ ಘಟಕಗಳ ಲೆಕ್ಕ. ಯಾವುದು ನಡೆಯುತ್ತಿದೆ, ಯಾವುದು ನಿಂತಿದೆ, ನಿರ್ವಹಣೆಗೆ ಯಾರಿಗೆ ಎಷ್ಟು ಹಣ ಹೋಗುತ್ತಿದೆ? ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು. ಶುಲ್ಕ 10 ರೂಪಾಯಿ. ಉತ್ತರ ಕೊಡಲು 30 ದಿನ ಸಮಯ. ಈ 150 ಪದದ ಮಿತಿ ಮೊದಲು ಕಿರಿಕಿರಿ ಅನ್ನಿಸುತ್ತದೆ. ಬರೆಯುತ್ತಾ ಹೋದರೆ ಪ್ರಶ್ನೆ ಚೂಪಾಗುವುದಕ್ಕೆ ಅದೇ ಸಹಾಯ ಮಾಡುತ್ತದೆ. ಘಟಕ ಯಾಕೆ ಕೆಟ್ಟಿದೆ ಅಂತ ಕೇಳಬಾರದು, ಅದಕ್ಕೆ ವಿವರಣೆ ಬರುತ್ತದೆ. ಘಟಕವಾರು ದುರಸ್ತಿ ದಿನಾಂಕದ ನಕಲು ಕೊಡಿ ಅಂತ ಕೇಳಬೇಕು, ಆಗ ದಾಖಲೆ ಬರುತ್ತದೆ. ಬಂದ ದಾಖಲೆಯನ್ನು ಹಿಡಿದು ಊರುಗಳಿಗೆ ಹೋದೆ. ‘ಚಾಲನೆಯಲ್ಲಿದೆ’ ಅಂತ ಬರೆದ ಕಡೆ ಬೀಗ ಇತ್ತು. ಆ ಬೀಗಗಳ ಫೋಟೊ ಮತ್ತು ಆ ಪಟ್ಟಿ, ಎರಡನ್ನೂ ಅಕ್ಕಪಕ್ಕ ಹಾಕಿದೆವು. ಕ್ಯಾನ್ ಹೊರುವ ಹೆಂಗಸರಿಗೆ ಅದರಿಂದ ಏನಾದರೂ ಸಿಗಬೇಕು ಅನ್ನುವ ಹಟ ನನಗಿತ್ತು. ಪಟ್ಟಿಯಲ್ಲಿದ್ದ ಹಲವು ಘಟಕಗಳು ಆಮೇಲೆ ಶುರುವಾದವು. ಇನ್ನೂ ಶುರುವಾಗದವುಗಳ ಪಟ್ಟಿ ನನ್ನ ಬಳಿ ಇದೆ, ಆ ದಾರಿಯಲ್ಲಿ ಹೋದಾಗಲೆಲ್ಲ ನಿಂತು ನೋಡುತ್ತೇನೆ.

ಬರೆದುಕೊಂಡ ಎಲ್ಲವೂ ಸ್ಟೋರಿ ಆಗುವುದಿಲ್ಲ. ಜಾಸ್ತಿ ಪಾಲು ಆಗುವುದೇ ಇಲ್ಲ. ಎರಡು ಕಡೆ ವಿಚಾರಿಸಿದಾಗ ವಿಷಯ ಅಷ್ಟೇನೂ ಇಲ್ಲ ಅಂತ ಗೊತ್ತಾಗುತ್ತದೆ. ಹಾಗಾದಾಗ ಎಳೆದು ದೊಡ್ಡದು ಮಾಡಬಾರದು, ಬಿಡಬೇಕು. ಕೆಲವು ಮಾತ್ರ ನೋಟ್‌ಬುಕ್‌ನಲ್ಲಿ ಇದ್ದು, ವರ್ಷದ ನಂತರ ಬೇರೆ ಯಾವುದೋ ಸುದ್ದಿಯ ಪಕ್ಕದಲ್ಲಿ ಜೀವ ತಗೊಳ್ಳುತ್ತವೆ. ಅದಕ್ಕೇ ಹಳೆಯ ನೋಟ್‌ಬುಕ್ ಎಸೆಯುವುದಿಲ್ಲ.

ಕೊಬ್ಬರಿ ವರದಿ ಬಂದ ಮೇಲೆ ಓದುಗರ ಫೋನ್ ತುಂಬಾ ಬಂದವು. ಅದರಲ್ಲಿ ಒಂದು ತುರುವೇಕೆರೆ ಕಡೆಯಿಂದ. ಅವರು ಮರ ಹತ್ತಿ ಕಾಯಿ ಕೀಳುವವರು. ‘ಅಟ್ಟ ಖಾಲಿ ಅಂತ ಬರೆದ್ರಿ, ಸರಿ. ಮರದ ಮೇಲೆ ಇರೋದನ್ನ ಇಳಿಸೋಕೆ ಜನ ಇಲ್ಲ, ಅದನ್ನ ಬರೀಲಿಲ್ಲ’ ಅಂದರು. ಅವರ ಮಾತಿನಲ್ಲಿ ದೂರು ಇರಲಿಲ್ಲ, ವಿಷಯ ಇತ್ತು. ಅವರ ಊರಿನಲ್ಲಿ ಮರ ಹತ್ತುವವರೆಲ್ಲ ವಯಸ್ಸಾದವರು. ಮಕ್ಕಳು ಬೆಂಗಳೂರಿನ ಕಾರ್ಖಾನೆಗಳಿಗೆ, ಡೆಲಿವರಿ ಕೆಲಸಕ್ಕೆ ಹೋಗಿದ್ದಾರೆ. ಒಬ್ಬರು ಬಿದ್ದು ಸೊಂಟ ಮುರಿದುಕೊಂಡು ಮನೆಯಲ್ಲಿದ್ದಾರೆ.

ಈಗ ನಾನು ಅದರ ಹಿಂದೆ ಇದ್ದೇನೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ‘ತೆಂಗಿನ ಮರಗಳ ಸ್ನೇಹಿತರು’ ಅನ್ನುವ ತರಬೇತಿ ಶುರು ಮಾಡಿತ್ತು. ಯಂತ್ರದ ಸಹಾಯದಿಂದ ಮರ ಹತ್ತುವುದನ್ನು ಯುವಕ ಯುವತಿಯರಿಗೆ ಕಲಿಸುವುದು ಅದರ ಉದ್ದೇಶ. ಮರ ಹತ್ತುವವರಿಗೆ ‘ಕೇರ ಸುರಕ್ಷಾ’ ಅನ್ನುವ ಅಪಘಾತ ವಿಮೆಯೂ ಇದೆ. ನಮ್ಮ ತಾಲೂಕುಗಳಲ್ಲಿ ಯಾರು ಕಲಿತರು, ಕಲಿತವರಲ್ಲಿ ಈಗಲೂ ಯಾರು ಹತ್ತುತ್ತಿದ್ದಾರೆ, ಬಿದ್ದವರಲ್ಲಿ ಯಾರಿಗೆ ವಿಮೆ ಇತ್ತು? ತರಬೇತಿ ಪಡೆದವರ ಪಟ್ಟಿ ಕೇಳಿದ್ದೇನೆ. ಪಟ್ಟಿ ಬರುವವರೆಗೆ ಸುಮ್ಮನೆ ಕೂರುವ ಹಾಗಿಲ್ಲ. ಮಳೆ ಬಂದು ಕಾಂಡ ಜಾರುವ ದಿನಗಳಲ್ಲಿ ಅವರು ಮರ ಹತ್ತುವುದಿಲ್ಲ, ಮನೆಯಲ್ಲೇ ಸಿಗುತ್ತಾರೆ. ಮೊದಲು ಆ ಸೊಂಟ ಮುರಿದವರ ಮನೆಗೆ ಹೋಗಬೇಕು. ತುರುವೇಕೆರೆ ಬಸ್ ಬೆಳಿಗ್ಗೆ ಬೇಗ ಇದೆ.